ಬಾತುಕೋಳಿ ಸಾರು, ತಮ್ಮನ ಬೆರಳು

ಬಸುರಿ ಮಗಳಿಗೆ ಬಾತುಕೋಳಿ ಖಂಡ ಒಳ್ಳೆಯದು, ಕಬ್ಬಿಣದಂಶ ಇದೆ, ತೊಗಲು ತೆಗೆದು ಉಣ್ಣಿಸಿ ಎಂದಿದ್ದಾರೆ ಯಾದಗಿರಿಯ ಡಾಕ್ಟರು. ಇಂದು ಅದು ಒಲೆಯ ಮೇಲೆ ಕುದಿಯುವ ವಾಸನೆ ಬಂದದ್ದೇ ನನಗೆ ಚಿಕ್ಕಂದಿನ ಒಂದು ದಿನ ನೆನಪಾಯಿತು.

ಆಗ ಅವ್ವ ಏಳು ತಿಂಗಳ ಬಸುರಿ. "ರಕ್ತ ಭಾಳ ಕಮ್ಮಿ ಅದ, ಖಂಡ ತಿನಸ್ರಿ" ಎಂದಿದ್ದಳು ನರ್ಸಬಾಯಿ. ಭತ್ತ ಕೊಯ್ದ ಗದ್ದೆಗಳಲ್ಲಿ ಬಾತುಕೋಳಿ ಮೇಯಿಸಲು ಬಂದಿದ್ದ ಆಂಧ್ರದವರಿಂದ ಅಪ್ಪ ಒಂದನ್ನು ತಂದ. ಅಪ್ಪನ ತಾಯಿ, ನಮ್ಮ ಆಯಿ, ಸಾರು ಮಾಡಿ ಎಲ್ಲರಿಗೂ ಬಡಿಸಿದಳು. ಅವ್ವನಿಗೆ ಮಾತ್ರ ಬರೀ ಬ್ಯಾಳಿ ಸಾರು.

"ಬಸುರಿ ಇದನ್ನ ತಿಂದ್ರ ಕೂಸಿನ ಬೆರಳು ಬಾತುಕೋಳಿ ಕಾಲಿನಂಗ ಕೂಡಿಕೊಂಡು ಹುಟ್ತಾವ" ಎಂದಳು ಆಯಿ.

ಅವ್ವನ ಬಿಳಿಚಿದ ಮುಖ ನೋಡಲಾರದೆ ನನ್ನ ಪಾಲಿನ ತುಂಡುಗಳನ್ನು ರೊಟ್ಟಿಯಲ್ಲಿ ಸುತ್ತಿ ಹಿತ್ತಲಿಗೆ ಒಯ್ದು ಕೊಟ್ಟೆ.

"ನಿಮ್ಮ ಆಯಿಗಿ ಹೇಳಬ್ಯಾಡ" ಎಂದು ಅವ್ವ ಗಬಗಬ ತಿಂದಳು.

ಹೆದರಿಕೆ ಹಿಡಿದದ್ದು ಆಮೇಲೆ. ಎರಡು ತಿಂಗಳು ನನಗೆ ಕೂಳು ರುಚಿಸಲಿಲ್ಲ. ಉಣ್ಣಲು ಕೂತರೆ ನನ್ನ ಬೆರಳುಗಳ ನಡುವೆಯೇ ತೊಗಲು ಬೆಳೆದಂತೆ ಕಾಣುತ್ತಿತ್ತು. ತಮ್ಮ ಹುಟ್ಟಿದಾಗ ಬಿಗಿದಿದ್ದ ಅವನ ಮುಷ್ಟಿಯನ್ನು ಬಿಡಿಸಿದೆ. ಬೆರಳು ಐದೂ ಬೇರೆ ಬೇರೆ ಇದ್ದವು. ತಲೆ ಎತ್ತಿದರೆ, ಆಯಿ ಅವನ ಪಾದ ಹಿಡಿದು ಒಂದೊಂದೇ ಬೆರಳು ಬಿಡಿಸಿ ನೋಡುತ್ತಿದ್ದಳು.

"ನಾನೂ ನಿಮ್ಮವ್ವಗ ಕದ್ದು ಒಂದ ಬಟ್ಲ ಸಾರು ಕುಡಿಸಿದ್ದೆ. ಯಾರಿಗೂ ಹೇಳಬ್ಯಾಡ" ಎಂದಳು ಪಿಸುದನಿಯಲ್ಲಿ.

ಈಗ ಮಗಳ ತಾಟಿಗೆ ಇನ್ನೊಂದು ತುಂಡು ಹಾಕಿದೆ.

"ಯಾಕವ್ವಾ, ನನ್ನ ಬೆರಳು ನೋಡಾಕತ್ತಿ?"

"ಏನಿಲ್ಲ, ಉಣ್ಣು. ನಿಮ್ಮ ಅತ್ತಿ ಮುಂದ ಮಾತ್ರ ಹೇಳಬ್ಯಾಡ."