ಪರದೆಯ ಹಿಂದೆ ನಿಂತು ಕೇಳಿದ ಇಂಗ್ಲಿಷ್ ಪರೀಕ್ಷೆ

ಮಗಳ ಇಂಗ್ಲಿಷ್ ಪರೀಕ್ಷೆಗೆ ನಾನು ಎರಡು ಸಲ ಶುಲ್ಕ ಕಟ್ಟಿದೆ. ಹತ್ತಿರಹತ್ತಿರ ಮೂವತ್ತು ಸಾವಿರ ರೂಪಾಯಿ. ಎರಡೂ ನೀರಿಗೆ ಹೋಯಿತು. ಮೊದಲನೆಯದನ್ನು ಕಳೆದದ್ದು ನನ್ನ ಹೆದರಿಕೆ, ಎರಡನೆಯದನ್ನು ಕಳೆದದ್ದೂ ನನ್ನ ಹೆದರಿಕೆಯೇ. ಬಟ್ಟೆಯ ಮೀಟರಿಗೆ ಎಂಟಾಣೆ ಬಿಡಿಸಿಕೊಳ್ಳಲು ಅರ್ಧ ಗಂಟೆ ನಿಲ್ಲುತ್ತಿದ್ದವನು ನಾನು. ಅದಕ್ಕೇ ಈ ಮಾತು ಮೊದಲೇ ಹೇಳಿಬಿಡುತ್ತೇನೆ.

ನನ್ನದು ಪರದೆ ವ್ಯಾಪಾರ. ಹತ್ತೊಂಬತ್ತರ ವಯಸ್ಸಿಗೆ ರಾಣೆಬೆನ್ನೂರಿನಿಂದ ದಿಲ್ಲಿಗೆ ಬಂದೆ. ಆರ್.ಕೆ.ಪುರಂನ ಸರ್ಕಾರಿ ಕ್ವಾರ್ಟರ್ಸುಗಳ ಮೆಟ್ಟಿಲು ಹತ್ತಿ, ಹೆಗಲ ಮೇಲಿನ ಬಟ್ಟೆಯ ಗಂಟು ಬಿಚ್ಚಿ ಅಧಿಕಾರಿಗಳ ಹೆಂಡಿರ ಮುಂದೆ ಹರಡುತ್ತಿದ್ದೆ. ಅವರ ಹಿಂದಿಯನ್ನು ಆರು ತಿಂಗಳಲ್ಲಿ ಕಲಿತೆ. ಇಂಗ್ಲಿಷ್ ಮಾತ್ರ ಹತ್ತಲಿಲ್ಲ. ಈಗ ಗ್ರೇಟರ್ ನೋಯ್ಡಾದಲ್ಲಿ ಅಂಗಡಿಯಿದೆ, ಮೂರನೇ ಮಹಡಿಯಲ್ಲಿ ಫ್ಲ್ಯಾಟ್ ಇದೆ. ಆದರೂ ಇಂಗ್ಲಿಷಿನಲ್ಲಿ ಅಚ್ಚಾದ ಕಾಗದ ಕೈಗೆ ಬಂದರೆ ನಾನು ಚೌಕಾಸಿ ಮಾಡುವುದಿಲ್ಲ, ಸಹಿ ಮಾಡುತ್ತೇನೆ.

ಮಗಳು ಫಿಸಿಯೋಥೆರಪಿ ಓದಿದವಳು. ಮುಂದಿನ ಓದಿಗೆ ಐರ್ಲೆಂಡಿನಲ್ಲಿ ಸೀಟು ಸಿಕ್ಕಿತ್ತು. ಷರತ್ತು ಒಂದೇ: ತಿಂಗಳ ಕೊನೆಯೊಳಗೆ ಇಂಗ್ಲಿಷ್ ಪರೀಕ್ಷೆಯ ಅಂಕ ತಲುಪಬೇಕು. ಇಲ್ಲವಾದರೆ ಸೀಟು ಬೇರೆಯವರಿಗೆ.

ಗುರುಗ್ರಾಮದ ಒಂದು ಸೆಂಟರಿನಲ್ಲಿ ತಾರೀಖು ಸಿಕ್ಕಿತು. ಕೊರೋನಾದ ಎರಡನೇ ಅಲೆ ಆಗಷ್ಟೇ ಏರುತ್ತಿತ್ತು. ಬೆಳಿಗ್ಗೆ ಎಂಟಕ್ಕೆ ಕಾರು ನಿಲ್ಲಿಸಿ ನೋಡಿದರೆ ಗೇಟಿನ ಮುಂದೆ ಉದ್ದನೆಯ ಸಾಲು. ಅಂಟಿಕೊಂಡು ನಿಂತಿದ್ದಾರೆ, ಅರ್ಧ ಜನರ ಮಾಸ್ಕು ಗದ್ದದ ಮೇಲೆ. ಒಬ್ಬ ಹುಡುಗಿಯ ಹಣೆಗೆ ಜ್ವರ ನೋಡುವ ಯಂತ್ರ ಹಿಡಿದರು. ಅದು ಕೀ ಎಂದಿತು. ಅವಳನ್ನು ಪಕ್ಕಕ್ಕೆ ನಿಲ್ಲಿಸಿದರು. ‘ಧೂಪ್ ಹೈ ಭಯ್ಯಾ, ಬಿಸಿಲಿಗೆ ಹಾಗಾಗಿದೆ’ ಎಂದು ಅವಳ ತಾಯಿ ಕೈಮುಗಿಯುತ್ತಿದ್ದಳು. ನಾನು ಆ ಹುಡುಗಿಯ ಮುಖ ನೋಡಿದೆ. ಮನೆಯಲ್ಲಿ ಉಬ್ಬಸದ ಹೆಂಡತಿ ಇದ್ದಾಳೆ. ನನ್ನ ಕೈ ತಾನಾಗಿ ಗೇರ್ ಹಾಕಿತು.

‘ಅಪ್ಪಾ, ಏನು ಮಾಡ್ತಿದೀಯ? ಗೇಟ್ ಓಪನ್ ಆಯ್ತು!’

‘ಇನ್ನೊಂದು ದಿನ ಬರೀಬಹುದು, ಸುಮ್ನಿರು.’

ಕಾರು ತಿರುಗಿಸಿ ಮನೆಗೆ ಬಂದೆ. ಅದರಿಂದ ಏನಾದರೂ ಉಳಿಯಿತೇ? ಮುಂದಿನ ವಾರ ಜ್ವರ ನಮ್ಮ ಮನೆಗೂ ಬಂತು. ತಂದವನು ನಾನೇ, ಗೋಡೌನಿನಿಂದ. ನನಗೆ ಎರಡು ದಿನದ ಮೈಕೈ ನೋವು, ಹೆಂಡತಿಗೆ ಏನೂ ಇಲ್ಲ. ಮಗಳು ಮಾತ್ರ ಮಲಗಿದಳು. ಬೆರಳಿಗೆ ಹಾಕುವ ಆಕ್ಸಿಜನ್ ಯಂತ್ರ ತೊಂಬತ್ತೆರಡು ತೋರಿಸಿದ ಮಧ್ಯಾಹ್ನ ನಾನು ಹದಿನೇಳು ಆಸ್ಪತ್ರೆಗಳಿಗೆ ಫೋನ್ ಮಾಡಿದೆ. ಮುಕ್ಕಾಲು ಪಾಲು ಎತ್ತಲೇ ಇಲ್ಲ. ಕೆಳಗಿನ ರಸ್ತೆಯಲ್ಲಿ ಆಂಬುಲೆನ್ಸಿನ ಕೂಗು ನಿಲ್ಲುತ್ತಿರಲಿಲ್ಲ. ಯಾವ ಬೆಲೆ ಹೇಳಿದರೂ ಕೊಡುತ್ತೇನೆ ಎಂದರೂ ಮಾರಲು ಯಾರ ಬಳಿಯೂ ಏನೂ ಇಲ್ಲ. ಅಂಥ ಪೇಟೆಯನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ.

ಆಸ್ಪತ್ರೆ ಕಾಣದೆಯೇ ಅವಳು ಎದ್ದು ಕೂತಳು. ಕೆಮ್ಮು ಉಳಿಯಿತು. ಅಷ್ಟರಲ್ಲಿ ಸೆಂಟರುಗಳೆಲ್ಲ ಮುಚ್ಚಿದ್ದವು. ತಿಂಗಳು ಮುಗಿಯಲು ಹನ್ನೊಂದು ದಿನ.

ಉಳಿದದ್ದು ಮನೆಯಲ್ಲೇ ಕೂತು ಬರೆಯುವ ಪರೀಕ್ಷೆ. ಅದಕ್ಕೆ ಎರಡನೆಯ ಸಲ ಶುಲ್ಕ ಕಟ್ಟಿದೆ. ಎಲ್ಲೋ ದೂರದಲ್ಲಿ ಕುಳಿತವರು ಕ್ಯಾಮೆರಾದಲ್ಲಿ ಕಾಯುತ್ತಾರೆ. ಕೋಣೆಯಲ್ಲಿ ಬೇರೆ ಯಾರೂ ಇರಬಾರದು, ಬೇರೆ ದನಿ ಕೇಳಬಾರದು, ಕಿವಿ ಕಾಣುವಂತೆ ಕೂದಲು ಕಟ್ಟಬೇಕು. ದನಿ ಕೇಳಬಾರದು ಎಂದದ್ದೇ ತಡ, ನನಗೆ ಕೆಲಸ ಸಿಕ್ಕಿತು. ಮೇಲಿನ ಮನೆಯವರಿಗೆ ಒಂದು ಕಿಟಕಿಯ ಪರದೆ ಪುಕ್ಕಟೆ ಎಂದು ಡ್ರಿಲ್ಲಿಂಗ್ ನಿಲ್ಲಿಸಿದೆ. ತರಕಾರಿ ಗಾಡಿಯ ಭಯ್ಯಾನಿಗೆ, ಎರಡರಿಂದ ಐದರವರೆಗೆ ಇತ್ತ ಬರಬೇಡ, ಉಳಿದ ಟೊಮೆಟೊ ನಾನೇ ಕೊಳ್ಳುತ್ತೇನೆ ಎಂದೆ. ಕೊನೆಗೆ ಅಂಗಡಿಯಿಂದ ಎರಡು ಪದರದ ದಪ್ಪ ಪರದೆ ತಂದು ಮಗಳ ಕೋಣೆಯ ಬಾಲ್ಕನಿ ಬಾಗಿಲಿಗೆ ನೆಲ ಮುಟ್ಟುವಂತೆ ಇಳಿಬಿಟ್ಟೆ. ಬೀದಿಯ ಸದ್ದು ಸತ್ತುಹೋಯಿತು.

ಪರೀಕ್ಷೆಯ ದಿನ ನಾನು ಬಾಲ್ಕನಿಯಲ್ಲಿ ನಿಂತೆ. ಕೆಳಗೆ ಯಾರಾದರೂ ಕೂಗಿದರೆ ಕೈಸನ್ನೆ ಮಾಡಿ ಸುಮ್ಮನಾಗಿಸುವುದು ನನ್ನ ಪಾಲಿನ ಕೆಲಸ. ಒಂದು ಗಂಟೆ ಚೆನ್ನಾಗಿ ನಡೆಯಿತು. ಆಮೇಲೆ ಒಳಗೆ ಕೆಮ್ಮು. ಒಂದು ಸಲ. ಮತ್ತೆ. ನಂತರ ಏನೂ ಕೇಳಲಿಲ್ಲ. ಆ ದಪ್ಪ ಪರದೆ ಹೊರಗಿನ ಸದ್ದನ್ನು ಒಳಗೆ ಬಿಡದಂತೆ ಒಳಗಿನದನ್ನೂ ಹೊರಗೆ ಬಿಡುತ್ತಿರಲಿಲ್ಲ. ಇದು ನನಗೆ ಹೊಳೆದಿರಲಿಲ್ಲ. ಮೂವತ್ತು ವರ್ಷ ಅದನ್ನೇ ಮಾರಿದ್ದೇನೆ. ಅವಳು ಬಿದ್ದಿದ್ದರೆ? ಜೇಬಿನಲ್ಲಿದ್ದ ಬೆರಳಿನ ಯಂತ್ರವನ್ನು ಹಿಡಿದುಕೊಂಡೆ. ಗಾಜಿನ ಬಾಗಿಲನ್ನು ಗೇಣಷ್ಟು ಸರಿಸಿ, ಪರದೆಗೆ ಕಿವಿ ಹಚ್ಚಿದೆ. ಅವಳು ಇಂಗ್ಲಿಷಿನಲ್ಲಿ ಏನೋ ಹೇಳುತ್ತಿದ್ದಳು. ಉಸಿರು ಸರಿಯಾಗಿತ್ತು. ಅಷ್ಟು ಸಾಕಿತ್ತು, ಹಿಂದೆ ಸರಿಯಬೇಕಿತ್ತು.

ಇನ್ನೊಂದು ದನಿ ಕಂಪ್ಯೂಟರಿನಿಂದ ಬಂತು. ಪರದೆ ಅಲುಗಿದ್ದನ್ನು ಕಾಯುವವರು ಕಂಡಿದ್ದರು, ಸರಿಸಿ ತೋರಿಸು ಎಂದರಂತೆ. ಕುರ್ಚಿ ಎಳೆದ ಸದ್ದಾಯಿತು. ನನ್ನ ಪರದೆಯನ್ನು ನನ್ನ ಮಗಳೇ ಸರ್ರನೆ ಎಳೆದಳು. ಕ್ಯಾಮೆರಾದ ಮುಂದೆ ನಾನು, ಬನಿಯನ್ನಿನಲ್ಲಿ, ತಲೆ ಒಂದು ಕಡೆಗೆ ವಾಲಿಸಿಕೊಂಡು.

ಪರೀಕ್ಷೆ ಅಲ್ಲಿಗೇ ರದ್ದಾಯಿತು. ಪರದೆಯ ಹಿಂದಿದ್ದವನು ಉತ್ತರ ಹೇಳಿಕೊಡುತ್ತಿದ್ದನೆಂದು ಅವರ ಅನುಮಾನ.

‘ಇವರು ಇಂಗ್ಲಿಷ್ ಹೇಳಿಕೊಟ್ಟರಂತಾ?’ ಹೆಂಡತಿ ಅಡುಗೆಮನೆಯಿಂದ ಬಂದಳು. ‘ಅದನ್ನ ನಂಬೋರು ಐರ್ಲೆಂಡಲ್ಲೇ ಇರಬೇಕು.’

ಮಗಳು ನಗಲಿಲ್ಲ. ಅಳಲೂ ಇಲ್ಲ. ‘ಆರು ದಿನ ಇದೆ ಅಪ್ಪಾ. ನಾನು ಕಾಲೇಜಿಗೆ ಮೇಲ್ ಹಾಕ್ತೀನಿ. ಜ್ವರ ಬಂದಿದ್ದು, ಇವತ್ತು ಆಗಿದ್ದು, ಎಲ್ಲಾ, ಸಬ್ ಕುಛ್.’

ನಾನು ತಡೆದೆ. ‘ಕೈಯಲ್ಲಿ ಮಾಲಿಲ್ಲ ಅಂತ ಗಿರಾಕಿಗೆ ನಾವೇ ಹೇಳೋದಾ? ಸೀಟೇ ತೆಗೆದುಬಿಡ್ತಾರೆ.’

‘ಗಿರಾಕಿ ನಾವು ಅಪ್ಪಾ. ಅಂಗಡಿ ಅವರದ್ದು.’

ಅವಳು ಬರೆದಳು. ಎರಡು ದಿನ ಅವಳ ಫೋನ್ ಕಂಪಿಸಿದಾಗಲೆಲ್ಲ ನಾನು ಅವಳ ಕೋಣೆಯ ಬಾಗಿಲಿಗೆ ಹೋಗಿ ನಿಲ್ಲುತ್ತಿದ್ದೆ. ಮೂರನೆಯ ದಿನ ಉತ್ತರ ಬಂತು. ನಾವು ಕಟ್ಟಿದ ಎರಡಲ್ಲದೆ ಇನ್ನೂ ಎರಡು ಪರೀಕ್ಷೆ ಅವರಿಗೆ ಆಗುತ್ತಿತ್ತು, ಒಂದು ನಮ್ಮದರ ಕಾಲು ಬೆಲೆಯದು. ಸೆಂಟರ್ ಮುಚ್ಚಿದ ಊರಿನವರಿಗೆ ಅವರ ಮೇಷ್ಟ್ರೇ ವಿಡಿಯೋದಲ್ಲಿ ಮಾತಾಡಿಸಿ, ಎದುರಿಗೇ ಒಂದು ಪುಟ ಬರೆಸಿ ನೋಡುತ್ತಾರಂತೆ. ಅದಕ್ಕೆ ಶುಲ್ಕವೇ ಇಲ್ಲ. ನಮ್ಮ ಸೀಟಿನ ಪತ್ರದ ನಾಲ್ಕನೆಯ ಪುಟದಲ್ಲಿ, ತೊಂದರೆಯಿದ್ದರೆ ಬರೆಯಿರಿ ಎಂದು ಮೊದಲೇ ಇತ್ತು. ನಾನು ಸಿಕ್ಕಸಿಕ್ಕವರನ್ನೆಲ್ಲ ವಿಚಾರಿಸಿದ್ದೆ. ಸೀಟು ಕೊಟ್ಟವರನ್ನು ಬಿಟ್ಟು.

ಗುರುವಾರ ಮಧ್ಯಾಹ್ನ ಮಾತುಕತೆ. ಅಮ್ಮ ಮಗಳು ಸೇರಿ ಪರದೆ ಬಿಚ್ಚಿಸಿ, ನನ್ನನ್ನು ಕೆಳಗೆ ಕಳಿಸಿದರು. ಪಾರ್ಕಿಂಗಿನಲ್ಲಿ ನಮ್ಮ ಕಾರಿನೊಳಗೆ ಕೂತೆ. ತರಕಾರಿ ಗಾಡಿಯವನು ಕೂಗುತ್ತಾ ಬಂದ. ತಡೆಯಲು ಎದ್ದವನು ಮತ್ತೆ ಕೂತೆ. ಮಗಳು ಬಾಲ್ಕನಿಗೆ ಬಂದಾಗ ಮೊದಲು ಅವಳ ಉಸಿರು ನೋಡಿದೆ, ಆಮೇಲೆ ಮುಖ. ಅವಳು ನಗುತ್ತಿದ್ದಳು. ಸೀಟು ಖಾಯಂ ಆದ ಪತ್ರ ಶನಿವಾರ ಬಂತು.

ನಿಮ್ಮ ಮನೆಯಲ್ಲೂ ಯಾರಾದರೂ ಹೊರಟಿದ್ದರೆ ಕೇಳಿ. ಯಾವ ಪರೀಕ್ಷೆಗೂ ದುಡ್ಡು ಕಟ್ಟುವ ಮೊದಲು, ಅವರಿಗೆ ಯಾವ್ಯಾವ ಪರೀಕ್ಷೆ ಆಗುತ್ತದೆ ಎಂದು ಕಾಲೇಜಿಗೆ ಮಕ್ಕಳಿಂದಲೇ ಬರೆಸಿ, ಉತ್ತರವನ್ನು ತೆಗೆದಿಡಿ. ರದ್ದಾದರೆ ಶುಲ್ಕ ವಾಪಸು ಬರುತ್ತದೆಯೇ, ಮತ್ತೆ ಬರೆಯಲು ಎಷ್ಟು ದಿನ ಕಾಯಬೇಕು, ಇವೆರಡನ್ನೂ ಮೊದಲೇ ನೋಡಿ. ಕಾಯಿಲೆ ಇದ್ದರೆ ಮುಚ್ಚಿಡಬೇಡಿ. ಮನೆಯಲ್ಲಿ ಬರೆಯುವುದಾದರೆ ಆ ಕೋಣೆಯ ಪರದೆಗಳನ್ನು ಬಿಚ್ಚಿ ಮಡಚಿಡಿ, ಪರದೆ ಮಾರುವವನೇ ಹೇಳುತ್ತಿದ್ದೇನೆ. ಬೆರಳಿನ ಯಂತ್ರವನ್ನು ಮಕ್ಕಳ ಮೇಜಿನ ಮೇಲೆ ಇಡಬಹುದೇ ಎಂದು ಪರೀಕ್ಷೆಯವರನ್ನು ಕೇಳಿಕೊಳ್ಳಿ. ಒಂದು ಬಾಟಲಿ ನೀರು ತೆಗೆದುಕೊಂಡು ನೀವು ಮಾತ್ರ ಕೆಳಗಿಳಿಯಿರಿ. ಕರೆಯುವವರೆಗೆ ಮೇಲೆ ಬರಬೇಡಿ.