ಕುಯಾ ಕೊರೆದ ಅಚ್ಚು

ಎಷ್ಟು ತಿಕ್ಕಿದರೂ ಹೋಗದ ಕಪ್ಪು ಶಾಯಿ ಕುಯಾ ಅವರ ಉಗುರು ಸಂದಿಯಲ್ಲಿ. ಆದರೆ ಅವರು ಪರೀಕ್ಷೆ ಮಾಡುತ್ತಿದ್ದದ್ದು ನನ್ನ ಕೈಯನ್ನು! ದುಬೈಯ ಅಲ್ ಮುರಕ್ಕಬಾತ್‌ನ ನನ್ನ ಫ್ರೇಮಿನ ಅಂಗಡಿಗೆ ಬಂದರೆ, ನಾನು ಸೋಪು ಹಾಕಿ ತೊಳೆದು ಬರುವವರೆಗೆ ಚಿತ್ರವನ್ನು ಮೇಜಿಗಿಡುತ್ತಿರಲಿಲ್ಲ.

ಫಿಲಿಪ್ಪೀನ್ಸಿನವರು. ಅವರ ಭಾಷೆಯಲ್ಲಿ ಕುಯಾ ಎಂದರೆ ಅಣ್ಣ. ನಮಗೂ ಅವರು ಕುಯಾ. ದೇರಾದ ಇಕ್ಕಟ್ಟಿನ ಫ್ಲ್ಯಾಟಿನಲ್ಲಿ ಮರದ ಹಲಗೆ ಕೊರೆದು, ಶಾಯಿ ಹಚ್ಚಿ, ಮೇಲೆ ಕಾಗದವಿಟ್ಟು ಚಮಚದ ಬೆನ್ನಿನಿಂದ ಉಜ್ಜಿ ಚಿತ್ರ ಎಬ್ಬಿಸುತ್ತಿದ್ದರು. ಯಾರ ಮೇಲೂ ನಂಬಿಕೆಯಿಲ್ಲ. ಗಾಜನ್ನು ತಟ್ಟಿ ನೋಡುವರು, ರಟ್ಟನ್ನು ಮೂಸುವರು. ಯಾರಾದರೂ ಫೋಟೊ ತೆಗೆಯಲು ಹೊರಟರೆ ಅಡ್ಡ ನಿಲ್ಲುವರು.

"ಎಂತಕ್ಕೆ ಕುಯಾ ಇಷ್ಟು ಸಂಶಯ?" ಎಂದರೆ, ನಮ್ಮಿಬ್ಬರ ಮುರುಕು ಇಂಗ್ಲಿಷಿನಲ್ಲಿ ಹೇಳುತ್ತಿದ್ದರು: "ಮನಿಲಾದಲ್ಲಿ ನಮ್ಮ ಗುರುಗಳ ಕಾಲಕ್ಕೆ ಅಚ್ಚಿನ ಚಿತ್ರ ಅಂದ್ರೆ ಕಾಪಿ ಅಂತಿದ್ರು. ಪ್ರದರ್ಶನದಲ್ಲಿ ಗೋಡೆ ಕೊಡ್ತಿರಲಿಲ್ಲ. ಅವರು ಮನೆಯಲ್ಲೇ ಕೂರಿಸಿ ನಮಗೆಲ್ಲ ಕಲಿಸಿದ್ರು, ಜಗಳವಾಡಿ ಸ್ಪರ್ಧೆಗಳಲ್ಲಿ ಅಚ್ಚಿಗೂ ಜಾಗ ಮಾಡಿಸಿದ್ರು. ಅಷ್ಟು ಕಷ್ಟದಿಂದ ಬಂದ ಹೆಸರು ಹೋಗೋದಕ್ಕೆ ಒಬ್ಬ ಕಳ್ಳ ಸಾಕು."

ಒಂದು ದಿನ ಮಿರ್ದಿಫ್‌ನಲ್ಲಿರುವ ಉಡುಪಿಯ ಅಕ್ಕನೊಬ್ಬರು, ಕುಯಾನಿಂದ ಕೊಂಡ ಮೀನು ಮಾರುಕಟ್ಟೆಯ ಚಿತ್ರ ಹಿಡಿದು ನನ್ನ ಅಂಗಡಿಗೆ ನುಗ್ಗಿದರು. ಕುಯಾ ಅಲ್ಲೇ ಇದ್ದರು.

"ಎಂತ ಮಾರಾಯ್ರೆ ಇದು? ಇದೇ ಚಿತ್ರ ನನ್ನ ಫ್ರೆಂಡ್ ಮನೆಯಲ್ಲೂ ಉಂಟು! ಝೆರಾಕ್ಸಾ?"

ಕುಯಾ ಚಿತ್ರದ ಕೆಳಗೆ ಪೆನ್ಸಿಲಿನಲ್ಲಿ ಬರೆದದ್ದನ್ನು ತೋರಿಸಿದರು: ಹತ್ತರಲ್ಲಿ ಮೂರನೆಯದು. ಹತ್ತೂ ಮೂಲವೇ, ಅವರೇ ಕೈಯಾರೆ ಒತ್ತುವಂಥವು.

"ಹನ್ನೊಂದನೆಯದು ನಾಳೆ ಒತ್ತುದಿಲ್ಲ ಅಂತ ಯಾರಿಗೆ ಗೊತ್ತು? ಎಲ್ಲರಿಗೂ ಹೇಳ್ತೇನೆ ನೋಡಿ!"

ಈ ಮಾತು ಹಬ್ಬಿದರೆ ಅಬುಧಾಬಿಯ ಪ್ರದರ್ಶನದಲ್ಲಿ ಕುಯಾನಿಗೆ ಸಿಕ್ಕಿದ್ದ ಗೋಡೆ ಹೋದಂತೆಯೇ. ಅವರು ಮಾತ್ರ ಮೊದಲ ಸಲ ನಕ್ಕರು. "ಒಳ್ಳೆ ಪ್ರಶ್ನೆ. ನಾನಾದರೂ ಇದನ್ನೇ ಕೇಳ್ತಿದ್ದೆ."

ಫ್ಲ್ಯಾಟಿಗೆ ಹೋಗಿ ಆ ಚಿತ್ರದ ಹಲಗೆ ತಂದರು. ಎಲ್ಲ ಪ್ರತಿ ಒತ್ತಿಯಾದ ಮೇಲೆ ಅಚ್ಚಿಗೆ ಅಡ್ಡಗೀರು ಹಾಕಿ ಕೆಡಿಸುವುದು ಅವರ ಕಸುಬಿನ ಪದ್ಧತಿ. ಇದರಲ್ಲಿ ಹತ್ತರ ಅರ್ಧವೂ ಒತ್ತಿರಲಿಲ್ಲ.

"ಬೇಡ ಕುಯಾ, ತಿಂಗಳುಗಟ್ಟಲೆ ಕೊರೆದದ್ದು," ಎಂದೆ.

"ಅನುಮಾನ ಉಳಿದರೆ ಒತ್ತಿದ್ದೂ ಹಾಳು."

ಉಳಿ ಮೂಲೆಯಿಂದ ಮೂಲೆಗೆ ಕರಕರ ಹರಿಯಿತು. ಮೀನು, ತಕ್ಕಡಿ, ಹೆಂಗಸರ ಮುಖ, ಎಲ್ಲದರ ಮೇಲೆ. "ಖಲಾಸ್," ಎಂದು ಮರದ ಪುಡಿ ಊದಿದರು. ಅಕ್ಕ ಬಾಯಿಗೆ ಸೆರಗು ಒತ್ತಿಕೊಂಡಿದ್ದರು.

ಅಬುಧಾಬಿಯ ಗೋಡೆ ಉಳಿಯಿತು. ಆಮೇಲೆ ಕುಯಾ ಊರಿಗೆ ಮರಳಿದರು. ಕಳೆದ ವರ್ಷ ತೀರಿಕೊಂಡರು. ಸುದ್ದಿ ಕೇಳಿ ಅಕ್ಕ ಬಂದರು.

"ಮಗಳಿಗೊಂದು ಅದೇ ಚಿತ್ರ ಬೇಕಿತ್ತು. ಸಿಗ್ತದಾ?"

"ಇಲ್ಲಕ್ಕ. ನಿಮ್ಮೆದುರೇ ಅಚ್ಚಿಗೆ ಗೀರು ಹಾಕಿದ್ದಲ್ವಾ?"

ಅಕ್ಕ ಮರುದಿನ ತಮ್ಮ ಚಿತ್ರವನ್ನು ತಂದು, ಬಿಸಿಲಿಗೆ ಬಣ್ಣ ಕೆಡದಂಥ ಗಾಜು ಹಾಕಿಕೊಡಿ ಎಂದರು.