ಷಡ್ಡಕರ ಚುಕ್ಕಿ

ನಾನು ಕೆಲಸ ಮಾಡುವ ಕಚೇರಿ ಅರಸೀಕೆರೆಯಲ್ಲಿ ಒಂದು ಕೊಬ್ಬರಿ ಗೋದಾಮಿನ ಮಹಡಿಯ ಮೇಲಿದೆ. ಗೋದಾಮು, ಕಚೇರಿ ಎರಡೂ ಒಬ್ಬರದೇ. ಕೊಬ್ಬರಿ ವ್ಯಾಪಾರ ಅವರ ತಂದೆಯ ಕಾಲದ್ದು. ಗುತ್ತಿಗೆ ಕೆಲಸ ಅವರು ತಾವೇ ಹಚ್ಚಿಕೊಂಡದ್ದು. ಶಾಲೆಯ ಕೊಠಡಿ, ಚರಂಡಿ, ಮೋರಿ, ಕಾಂಕ್ರೀಟ್ ರಸ್ತೆ, ಇಂಥವು. ನಾನು ಸಿವಿಲ್ ಡಿಪ್ಲೊಮಾ ಓದಿದವಳು. ಟೆಂಡರ್ ಕಾಗದ ಓದುವುದು, ಯಾವ ಸಾಮಾನು ಎಷ್ಟು ಬೇಕೆಂದು ಲೆಕ್ಕ ಹಾಕುವುದು, ಕೊನೆಗೆ ದರ ತುಂಬಿ ಸರ್ಕಾರದ ಟೆಂಡರ್ ಪೋರ್ಟಲ್‌ಗೆ ಏರಿಸುವುದು ನನ್ನ ಪಾಲು. ಆ ದರ ಎಷ್ಟೆಂದು ಹೇಳುವುದು ಮಾತ್ರ ಯಜಮಾನರ ಪಾಲು. ನನ್ನ ತಲೆನೋವೆಲ್ಲ ಶುರುವಾಗುತ್ತಿದ್ದದ್ದು ಅಲ್ಲಿಂದಲೇ.

ಯಜಮಾನರಿಗೆ ಕಾಂಕ್ರೀಟಿಗೆ, ಘನ ಮೀಟರಿಗೆ ಇಷ್ಟು ಎಂದು, ಒಂದೇ ದರ. ಗಂಡಸಿಯ ಹತ್ತಿರದ ಪುಟ್ಟ ಮೋರಿಯಾದರೂ ಅದೇ, ಊರೊಳಗಿನ ಅರ್ಧ ಮೈಲಿ ರಸ್ತೆಯಾದರೂ ಅದೇ. ಬೆಳಿಗ್ಗೆ ವಿಭೂತಿ ಹಚ್ಚಿಕೊಂಡು ಬಂದು, ಸಿಮೆಂಟ್ ಅಂಗಡಿಗೊಂದು ಫೋನ್ ಮಾಡಿ, ಎರಡು ನಿಮಿಷ ಕಣ್ಣು ಮುಚ್ಚಿ ಕೂತು ಒಂದು ಸಂಖ್ಯೆ ಹೇಳುತ್ತಿದ್ದರು.

"ಅಷ್ಟು ಹಾಕಿ ಮೇಡಂ."

"ಯಜಮಾನ್ರೇ, ಇದು ಬರೀ ಹತ್ತು ಘನ ಮೀಟರ್. ಇಷ್ಟಕ್ಕೆ ಮಿಕ್ಸರ್ ಸಾಗಿಸೋ ಖರ್ಚೂ ಹುಟ್ಟಲ್ಲ."

"ಇಪ್ಪತ್ತು ವರ್ಷದಿಂದ ಮಾಡ್ಕೊಂಡ್ ಬಂದಿವ್ನಿ. ಹಾಕಿ."

ಹಾಕುತ್ತಿದ್ದೆ. ಸಣ್ಣ ಕೆಲಸಗಳು ನಮಗೇ ಸಿಗುತ್ತಿದ್ದವು, ಕೈ ಸುಡುತ್ತಿದ್ದವು. ದೊಡ್ಡ ಕೆಲಸಗಳು ನಮಗಿಂತ ಕಡಿಮೆ ಹಾಕಿದವರ ಪಾಲಾಗುತ್ತಿದ್ದವು. ಪ್ರತಿಸಲ ಯಜಮಾನರು ಕಾರಣ ಕಂಡುಹಿಡಿಯುತ್ತಿದ್ದರು: ಮಳೆ, ಮರಳು, ಗ್ರಹಚಾರ. ಕಳೆದ ವರ್ಷ ಒಂದರ ಹಿಂದೆ ಒಂದು ಮೂರು ದೊಡ್ಡ ಟೆಂಡರ್ ಕಳೆದುಕೊಂಡಾಗ ನನಗೆ ತಡೆಯಲಾಗಲಿಲ್ಲ. ಬಾಯಲ್ಲಿ ಹೇಳಿದ್ದು ಅವರ ಕಿವಿಗೆ ಹೋಗುತ್ತಿಲ್ಲ, ಕಣ್ಣಿಗಾದರೂ ಕಾಣಿಸೋಣ ಎಂದುಕೊಂಡೆ.

ಟೆಂಡರ್ ತೆರೆದ ಮೇಲೆ ಯಾರು ಎಷ್ಟು ದರ ಹಾಕಿದ್ದರೆಂಬುದು ಪೋರ್ಟಲ್‌ನಲ್ಲಿ ಕಾಣುತ್ತದೆ. ಆದರೆ ಒಂದೊಂದು ಕೆಲಸಕ್ಕೆ ಒಂದೊಂದು ಪಟ್ಟಿ, ಒಂದೊಂದರಲ್ಲಿ ಒಂದೊಂದು ರೀತಿ. ಅರಸೀಕೆರೆ, ಬೇಲೂರು, ಹಳೇಬೀಡು ಸುತ್ತಿನ ಹಳೆಯ ಕೆಲಸಗಳನ್ನೆಲ್ಲ ಒಂದೊಂದಾಗಿ ತೆಗೆದು, ಕಾಂಕ್ರೀಟಿನ ಸಾಲನ್ನಷ್ಟೇ ಹೆಕ್ಕಿ ಕಂಪ್ಯೂಟರಿನಲ್ಲಿ ಒಂದು ಹಾಳೆಗೆ ಸೇರಿಸಿದೆ. ಊಟದ ಬಿಡುವಿನಲ್ಲಿ ಕೂತು ಮಾಡಿ ಮುಗಿಸಲು ಒಂದೂವರೆ ತಿಂಗಳು ಹಿಡಿಯಿತು. ಆಮೇಲೆ ಅಂತರ್ಜಾಲದಲ್ಲಿ ಪಾಠ ನೋಡಿ ನೋಡಿ ಅದನ್ನೊಂದು ಸ್ಕ್ಯಾಟರ್ ಪ್ಲಾಟ್ ಮಾಡಿದೆ. ಕಚೇರಿಯಲ್ಲಿ ಅದಕ್ಕೆ ಚುಕ್ಕಿ ನಕ್ಷೆ ಎಂದೇ ಹೆಸರಾಯಿತು. ಒಬ್ಬ ಗುತ್ತಿಗೆದಾರ ಒಂದು ಕೆಲಸಕ್ಕೆ ಹಾಕಿದ ದರ ಒಂದು ಚುಕ್ಕಿ. ಕೆಲಸ ದೊಡ್ಡದಾದಷ್ಟೂ ಚುಕ್ಕಿ ಬಲಕ್ಕೆ. ದರ ಹೆಚ್ಚಾದಷ್ಟೂ ಮೇಲಕ್ಕೆ. ಚುಕ್ಕಿಯ ಮೇಲೆ ಮೌಸ್ ಇಟ್ಟರೆ ಸಣ್ಣ ಚೌಕವೊಂದು ತೆರೆದು, ಯಾರು, ಯಾವ ಊರಿನ ಕೆಲಸ, ಎಷ್ಟು ದರ, ಕೆಲಸ ಸಿಕ್ಕಿತೋ ಇಲ್ಲವೋ ಎಲ್ಲ ಹೇಳುತ್ತದೆ. ಬೇಲೂರು ತಾಲ್ಲೂಕು ಮಾತ್ರ ಸಾಕೆಂದರೆ ಉಳಿದವು ಮರೆಯಾಗುತ್ತವೆ.

ನಾನು ಹೇಳುತ್ತಾ ಬಂದದ್ದೆಲ್ಲ ಅದರಲ್ಲಿ ಸ್ಪಷ್ಟವಾಗಿತ್ತು. ಎಡಗಡೆಯ ಸಣ್ಣ ಕೆಲಸಗಳ ಚುಕ್ಕಿಗಳು ಎತ್ತರದಲ್ಲಿ. ಬಲಕ್ಕೆ ಹೋದಂತೆ ಇಳಿಜಾರು. ಇಡೀ ಊರು ಹಾಗೆ ದರ ಹಾಕುತ್ತಿದ್ದರೆ ನಮ್ಮ ಚುಕ್ಕಿಗಳು ಮಾತ್ರ ಈ ತುದಿಯಿಂದ ಆ ತುದಿಗೆ ನೂಲು ಹಿಡಿದಂತೆ ಒಂದೇ ಮಟ್ಟದಲ್ಲಿದ್ದವು. ನನಗೆ ನಗುವೂ ಬಂತು, ಅಳುವೂ ಬಂತು.

ಯಜಮಾನರನ್ನು ಕರೆದು ಕೂರಿಸಿ ತೋರಿಸಿದೆ.

"ಇದೇನ್ ಮೇಡಂ, ರಾಗಿ ಚೆಲ್ಲಿದಂಗೈತೆ?" ಎಂದರು.

ನಾನು ಇಳಿಜಾರಿನ ಬಗ್ಗೆ ವಿವರಿಸತೊಡಗಿದೆ. ಅಷ್ಟರಲ್ಲಿ ಅವರ ಕೈ ಮೌಸ್ ಮೇಲೆ ಬಿತ್ತು. ಒಂದು ಚೌಕ ತೆರೆಯಿತು. ಕನ್ನಡಕ ಮೇಲಕ್ಕೇರಿಸಿ ಓದಿದರು. ಇನ್ನೊಂದು. ಮತ್ತೊಂದು. ಆಮೇಲೆ ನನ್ನ ಕಡೆ ತಿರುಗಿ ಕೇಳಿದರು, "ಇದ್ರಾಗೆ ನಮ್ಮ ಷಡ್ಕನ ಚುಕ್ಕಿ ಎಲ್ಲೈತೆ?"

ಇಲ್ಲಿ ಷಡ್ಡಕರ ವಿಷಯ ಹೇಳಬೇಕು. ಯಜಮಾನರ ಹೆಂಡತಿಯ ತಂಗಿಯ ಗಂಡ ಬೇಲೂರಿನಲ್ಲಿ ಗುತ್ತಿಗೆದಾರರು. ಹಿಂದೆ ಯಾವಾಗಲೋ ಮಾವನ ಮನೆ ಕಟ್ಟುವಾಗ ದೊಡ್ಡಳಿಯನಾದ ತಮಗೇ ಆ ಕೆಲಸ ಎಂದು ಯಜಮಾನರು ನಂಬಿಕೊಂಡಿದ್ದರಂತೆ. ಚಿಕ್ಕಳಿಯ ಕಡಿಮೆ ದರ ಹೇಳಿ ಕೆಲಸ ಹಿಡಿದರು. ಅಂದಿನಿಂದ ಇಬ್ಬರಿಗೂ ಮಾತಿಲ್ಲ. ಅಕ್ಕತಂಗಿಯರು ಮಾತ್ರ ದಿನಾ ಫೋನಿನಲ್ಲಿ ಮಾತಾಡುತ್ತಾರೆ.

ಷಡ್ಡಕರ ಚುಕ್ಕಿಗಳಿಗೆ ಕೆಂಪು ಬಣ್ಣ ಕೊಡಬೇಕೆಂದು ಅಪ್ಪಣೆಯಾಯಿತು. ಕೊಟ್ಟೆ. ಅದೇ ನಾನು ಮಾಡಿದ ತಪ್ಪು. ಮರುದಿನದಿಂದ ಯಜಮಾನರು ಗೋದಾಮಿಗೆ ಇಳಿಯುವುದನ್ನೇ ಬಿಟ್ಟು ನನ್ನ ಪಕ್ಕ ಕುರ್ಚಿ ಹಾಕಿಕೊಂಡರು. ಕೆಂಪು ಚುಕ್ಕಿ ಒತ್ತುವುದು, ಓದುವುದು, "ನೋಡ್ರೀ, ಹಳೇಬೀಡಿನ ಚರಂಡಿಗೆ ಎಷ್ಟು ಹಾಕವ್ನೆ!" ಎಂದು ತೊಡೆ ತಟ್ಟುವುದು. ನನಗೆ ಕಂಪ್ಯೂಟರ್ ಸಿಗುವುದೇ ಕಷ್ಟವಾಯಿತು. ಇಳಿಜಾರಿನ ಮಾತೆತ್ತಿದರೆ, "ಅದಿರ್ಲಿ, ನೋಡಾನ" ಎನ್ನುತ್ತಿದ್ದರು. ಮನೆಗೆ ಒಯ್ಯಲು ಪ್ರಿಂಟ್ ಬೇಕೆಂದರು; ತೆಗೆದುಕೊಟ್ಟೆ. ಕಾಗದದ ಮೇಲೆ ಬೆರಳಿಟ್ಟು ನೋಡಿ, "ಇದು ಬಾಯೇ ಬಿಡಲ್ವಲ್ಲ ಮೇಡಂ, ಪ್ರತಿಯೊಂದಕ್ಕೂ ಪೆನ್ನಲ್ಲಿ ಹೆಸರು ಬರ್ಕೊಡಿ" ಎಂದರು. ಆವತ್ತು ಮಾತ್ರ ನಾನು ಆಗುವುದಿಲ್ಲ ಎಂದುಬಿಟ್ಟೆ. ಸಂಜೆ ಮನೆಗೆ ಹೋಗಿ ನನ್ನ ಗಂಡನ ಮುಂದೆ ಒಂದು ಗಂಟೆ ಕೂಗಾಡಿದೆ. ಪಾಪ, ಅವರಿಗೂ ಇದಕ್ಕೂ ಏನೂ ಸಂಬಂಧವಿರಲಿಲ್ಲ.

ಹೀಗಿರುವಾಗ ಬಿಕ್ಕೋಡಿನ ಕಡೆಯ ಕೆಲಸವೊಂದು ಬಂತು. ಕಾಫಿ ತೋಟಗಳ ನಡುವಿನ ರಸ್ತೆಯ ಪಕ್ಕಕ್ಕೆ ಮಣ್ಣು ಜರಿಯದಂತೆ ಕಾಂಕ್ರೀಟ್ ತಡೆಗೋಡೆ. ಸಣ್ಣ ಕೆಲಸ. ಷಡ್ಡಕರ ಸೀಮೆ, ಅವರು ಹಾಕಿಯೇ ಹಾಕುತ್ತಾರೆ. ನಾನು ನಕ್ಷೆಯಲ್ಲಿ ಬೇಲೂರು ತಾಲ್ಲೂಕಿನ ಸಣ್ಣ ಕೆಲಸಗಳನ್ನಷ್ಟೇ ಉಳಿಸಿಕೊಂಡು, ಅವುಗಳ ನಡುವಿನ ದರವೊಂದನ್ನು ಗುರುತು ಮಾಡಿ ಯಜಮಾನರ ಮುಂದಿಟ್ಟೆ. ಅವರ ಮಾಮೂಲಿ ದರಕ್ಕಿಂತ ಅದು ಹೆಚ್ಚಿತ್ತು. ಜಗಳಕ್ಕೆ ಸಿದ್ಧಳಾಗಿಯೇ ಕೂತಿದ್ದೆ.

ಅವರು ಪರದೆಯನ್ನೇ ದಿಟ್ಟಿಸಿ, "ಮೊದ್ಲು ಇಲ್ಲೊಂದು ಕೆಂಪು ಚುಕ್ಕಿ ಇತ್ತಲ್ಲ ಮೇಡಂ, ಎಲ್ಲಾ ಬಿಟ್ಟು ಮೇಲಕ್ಕೆ ಒಂಟಿಯಾಗಿ. ಎಲ್ಲೋಯ್ತು?" ಎಂದರು.

"ಅದು ತಪ್ಪು ಅಂಕಿ ಯಜಮಾನ್ರೇ. ಯಾರೂ ಅಷ್ಟು ದರ ಹಾಕಲ್ಲ. ನಾನೇ ತೆಗೆದುಬಿಟ್ಟೆ."

"ತೆಗೆದ್ರಾ?" ಅವರ ದನಿ ಏರಿತು. "ಯಾರನ್ ಕೇಳಿ ತೆಗೆದ್ರಿ? ಅದು ಇದೇ ರಸ್ತೇದು ಕಣಮ್ಮ. ಹೋದ ವರ್ಷದ ಮೊದಲ್ನೇ ಹಂತ. ಚೌಕದಾಗೆ ಓದಿವ್ನಿ ನಾನು. ಬೇರೆ ಯಾರೂ ಹಾಕಿಲ್ಲ, ಕೆಲಸಾನೂ ಅವನಿಗೇ ಸಿಕ್ಕೈತೆ. ನಮ್ ಷಡ್ಕ ಎಂಥೋನೋ ಇರ್ಲಿ, ದಡ್ಡ ಅಲ್ಲ. ಅಷ್ಟು ಹಾಕವ್ನೆ ಅಂದ್ರೆ ಅಲ್ಲಿ ಏನೋ ಐತೆ."

ಹಳೆಯ ಹಾಳೆ ತೆಗೆದು ನೋಡಿದೆ. ಅವರು ಹೇಳಿದ್ದು ಅಕ್ಷರಶಃ ನಿಜ. ಅದೇ ರಸ್ತೆ, ಅದೇ ರೀತಿಯ ಗೋಡೆ. ಉಳಿದ ಚುಕ್ಕಿಗಳ ಜೊತೆ ಹೊಂದುತ್ತಿಲ್ಲವೆಂದು, ನಕ್ಷೆ ಚೆನ್ನಾಗಿ ಕಾಣಲೆಂದು, ಪೋರ್ಟಲ್‌ನಲ್ಲಿ ಮತ್ತೊಮ್ಮೆ ನೋಡುವ ಗೋಜಿಗೂ ಹೋಗದೆ ನಾನು ಅದನ್ನು ಅಳಿಸಿದ್ದೆ. ತಪ್ಪಾಯಿತೆಂದು ಬಾಯಿಬಿಟ್ಟು ಹೇಳಲೇಬೇಕಾಯಿತು. ದಿನವಿಡೀ ಚುಕ್ಕಿ ಒತ್ತುತ್ತಾ ನನ್ನ ಪ್ರಾಣ ಹಿಂಡಿದವರ ಮುಂದೆ ಆ ಮಾತು ಹೇಳುವುದು ಎಷ್ಟು ಕಷ್ಟ ಎಂದು ಅನುಭವಿಸಿದವರಿಗೇ ಗೊತ್ತು.

ಮರುದಿನ ಜಾಗ ನೋಡಲು ಹೊರಟೆವು. ಹಾರನಹಳ್ಳಿಯಲ್ಲಿ ನಮ್ಮ ಗಾರೆ ಮೇಸ್ತ್ರಿಯನ್ನು ಹತ್ತಿಸಿಕೊಂಡೆವು. ಹಳೇಬೀಡಿನಲ್ಲಿ ಪ್ರವಾಸಿಗರ ಬಸ್ಸುಗಳ ಸಂದಿಯಲ್ಲಿ ಕಾರು ನಿಲ್ಲಿಸಲು ಅರ್ಧ ಗಂಟೆ, ತಿಂಡಿಗೆ ಇನ್ನರ್ಧ ಗಂಟೆ. ಬೇಲೂರಿನಲ್ಲಿ ಷಡ್ಡಕರ ಮನೆಯ ಬೀದಿ ಬೇಡವೆಂದು ಯಜಮಾನರು ಊರನ್ನೇ ಸುತ್ತುಹಾಕಿಸಿದರು. ಇಷ್ಟೆಲ್ಲ ಆಗಿ ಬಿಕ್ಕೋಡು ದಾಟಿದ ಮೇಲೆ ಕಾರು ಹೋಗಲಿಲ್ಲ. ಟೆಂಪೊ ಕೂಡ ಹೋಗದ ರಸ್ತೆ. ಲಾರಿ ಜಲ್ಲಿ ಸುರಿಯುವುದು ಮುಖ್ಯರಸ್ತೆಯಲ್ಲಿ. ಅಲ್ಲಿಂದ ಜೀಪಿನಲ್ಲಿ ಸ್ವಲ್ಪ ಸ್ವಲ್ಪವೇ ಸಾಗಿಸಬೇಕು. ಕೊನೆಯ ತಿರುವಿನಿಂದ ತಲೆಹೊರೆ.

ಮೇಸ್ತ್ರಿ ಇಳಿಜಾರಿನಲ್ಲಿ ನಿಂತು ಸೊಂಟದ ಮೇಲೆ ಕೈಯಿಟ್ಟುಕೊಂಡು ನೋಡಿದ. "ಮೇಡಮ್ಮೋರೆ, ಇಲ್ಲಿ ಒಂದು ದಿನದ ಕೆಲಸಕ್ಕೆ ಮೂರು ದಿನ ಬೇಕು. ಆಳುಗಳೂ ಸಿಗಕಿಲ್ಲ, ಹಣ್ಣು ಕುಯ್ಯೋ ಕಾಲ್ದಾಗೆ ಎಲ್ರೂ ತೋಟಕ್ಕೆ ಹೋಯ್ತಾರೆ" ಎಂದ.

ನಕ್ಷೆಯಲ್ಲಿ ದರ ಇತ್ತು, ಪ್ರಮಾಣ ಇತ್ತು, ಊರು ಇತ್ತು. ರಸ್ತೆ ಎಲ್ಲಿಗೆ ನಿಲ್ಲುತ್ತದೆಂಬುದು ಇರಲಿಲ್ಲ. ಅಲ್ಲೇ ಬಂಡೆಯ ಮೇಲೆ ಕೂತು ಮೂವರೂ ಸೇರಿ ಲೆಕ್ಕ ಹಾಕಿದೆವು. ಬಂದ ದರ ಷಡ್ಡಕರ ಚುಕ್ಕಿಯ ಹತ್ತಿರಕ್ಕೇ ಬಂದು ನಿಂತಿತು. ಅದನ್ನೇ ಹಾಕಿದೆವು. ಯಜಮಾನರು ಕಣ್ಣು ಮುಚ್ಚದೆ ಒಪ್ಪಿದ ಮೊದಲ ದರ ಅದು.

ಟೆಂಡರ್ ತೆರೆದಾಗ ಕೆಲಸ ನಮಗೂ ಸಿಗಲಿಲ್ಲ, ಷಡ್ಡಕರಿಗೂ ಸಿಗಲಿಲ್ಲ. ಎಲ್ಲಿಯವರೋ ಹೊಸಬರು ಬಯಲುಸೀಮೆಯ ದರ ಹಾಕಿ ತೆಗೆದುಕೊಂಡು ಹೋದರು. ಸರಿಯಾಗಿ ಮಾಡಿದ ಮೇಲೂ ಸೋತರೆ ಸಿಟ್ಟು ಯಾರ ಮೇಲೆ ತೋರಿಸಬೇಕೋ ತಿಳಿಯುವುದಿಲ್ಲ. "ನನ್ ಮಾಮೂಲಿ ದರ ಹಾಕಿದ್ರೆ ನಮಗೇ ಬತ್ತಿತ್ತು" ಎಂದು ಯಜಮಾನರು ಒಂದು ವಾರ ಗೊಣಗಿದರು. ಬಂದಿದ್ದರೆ ಏನಾಗುತ್ತಿತ್ತೆಂದು ಆ ಬಂಡೆಯ ಮೇಲೆ ಕೂತು ಲೆಕ್ಕ ಹಾಕಿದವರೂ ಅವರೇ!

ಹೊಸಬರು ಮುಖ್ಯರಸ್ತೆಯಲ್ಲಿ ಒಂದು ಲೋಡ್ ಜಲ್ಲಿ ಸುರಿಸಿ, ಮುಂದಿನ ದಾರಿ ನೋಡಿ, ಮತ್ತೆ ಆ ಕಡೆ ತಲೆ ಹಾಕಲಿಲ್ಲ. ನೋಟಿಸಿನ ಮೇಲೆ ನೋಟಿಸ್ ಹೋಗಿ, ಮಳೆಗಾಲ ಕಳೆದು, ಅದೇ ಕೆಲಸಕ್ಕೆ ಮತ್ತೆ ಟೆಂಡರ್ ಕರೆದರು.

ದರ ತುಂಬಲು ಎರಡು ದಿನ ಉಳಿದಿತ್ತು. ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಯಜಮಾನರ ಫೋನ್ ರಿಂಗಣಿಸಿತು. ಅವರು ಫೋನನ್ನು ಕಿವಿಗಿಟ್ಟುಕೊಳ್ಳುವವರಲ್ಲ, ಮೇಜಿನ ಮೇಲಿಟ್ಟು ಸ್ಪೀಕರ್ ಹಾಕುವವರು. ಷಡ್ಡಕರ ದನಿಯನ್ನು ನಾನು ಕೇಳಿದ್ದು ಅದೇ ಮೊದಲು.

"ಏನಣ್ಣ, ಚೆನ್ನಾಗಿದ್ದೀರಾ? ಆ ಬಿಕ್ಕೋಡಿಂದು ಮತ್ತೆ ಬಂದೈತಲ್ಲ. ಸುಮ್ನೆ ನಾವಿಬ್ರೂ ಯಾಕೆ ಗುದ್ದಾಡ್ಬೇಕು? ಈ ಸಲ ನೀವು ಸ್ವಲ್ಪ ಮೇಲೆ ಹಾಕ್ಬಿಡಿ. ಮುಂದಿನ ಕೆಲಸಕ್ಕೆ ನಾನು ಮೇಲೆ ಹಾಕ್ತೀನಿ."

ಯಜಮಾನರು ತಕ್ಷಣ ಬೇಡವೆನ್ನಲಿಲ್ಲ. ನನ್ನ ಪರದೆಯ ಕಡೆ ನೋಡಿದರು; ಕೆಂಪು ಚುಕ್ಕಿಗಳನ್ನು ನೋಡಿದರು. ಎಲ್ಲೆಲ್ಲಿ ಯಾರು ಮೇಲೆ, ಯಾರು ಕೆಳಗೆ ಎಂದು ಹಂಚಿಕೊಳ್ಳಲು ಅದಕ್ಕಿಂತ ಒಳ್ಳೆಯ ನಕ್ಷೆ ಬೇಕೇ? ಅದು ಹೊಳೆದದ್ದೇ ತಡ, ನಾನು ಡ್ರಾಯರ್ ಎಳೆದೆ. ದರ ಏರಿಸಲು ಬೇಕಾದ ಅವರ ಡಿಜಿಟಲ್ ಸಹಿಯ ಡಾಂಗಲ್ ತೆಗೆದು ಫೋನಿನ ಪಕ್ಕದಲ್ಲೇ ಇಟ್ಟೆ.

"ಹಾಗೆ ಮಾಡೋದಾದ್ರೆ ನೀವೇ ಕೂತು ತುಂಬಿ ಯಜಮಾನ್ರೇ. ನಾನು ಕೈ ಹಾಕಲ್ಲ. ನಾಳೆಯಿಂದ ಬರೋದೂ ಇಲ್ಲ" ಎಂದೆ. ಗಟ್ಟಿಯಾಗಿಯೇ ಎಂದೆ, ಬೇಲೂರಿಗೂ ಕೇಳಿಸಿರಬೇಕು.

ಹನ್ನೊಂದು ವರ್ಷದ ಕೆಲಸ. ಬೇರೆ ಕಡೆ ಸಿಗುತ್ತದೆಂಬ ಭರವಸೆಯೇನೂ ಇರಲಿಲ್ಲ.

ಯಜಮಾನರು ಫೋನಿನ ಕಡೆ ಬಾಗಿದರು. "ನೋಡಪ್ಪ, ನಿನ್ ಜತೆ ಮಾತಾಡ್ಕೊಂಡು ಕೆಲಸ ಮಾಡೋ ಹಂಗಿದ್ದಿದ್ರೆ ಇಷ್ಟು ವರ್ಷ ಯಾಕೆ ಮಾತು ಬಿಡ್ತಿದ್ದೆ? ನೀನು ನಿಂದು ಹಾಕು, ನಾನು ನಂದು ಹಾಕ್ತೀನಿ. ಇಡ್ತೀನಿ."

ನಾನು ಹೇಳಿದ್ದಕ್ಕೆ ಬೇಡವೆಂದರೋ, ಹಳೆಯ ಕೋಪಕ್ಕೆ ಬೇಡವೆಂದರೋ ಇಂದಿಗೂ ನನಗೆ ಗೊತ್ತಿಲ್ಲ. ಕೇಳಲೂ ಹೋಗಲಿಲ್ಲ. ಡಾಂಗಲ್ ಅನ್ನು ನನ್ನ ಕಡೆಗೆ ಸರಿಸಿ, "ಕಾಫಿ ಹೇಳಿ" ಎಂದರು.

ಆ ಸಲ ಕೆಲಸ ನಮಗಾಯಿತು. ನಮ್ಮ ದರ ಷಡ್ಡಕರ ದರಕ್ಕಿಂತ ತುಸುವೇ ಕಡಿಮೆ. ಮೇಸ್ತ್ರಿ ಹೇಳಿದ್ದಕ್ಕಿಂತಲೂ ಹೆಚ್ಚು ದಿನ ಹಿಡಿಯಿತು, ಲಾಭ ಅಷ್ಟಕ್ಕಷ್ಟೆ, ಆದರೆ ಗೋಡೆ ಗಟ್ಟಿಯಾಗಿ ನಿಂತಿದೆ. ಯಜಮಾನರು ಈಗ ಕೆಲಸದ ಗಾತ್ರ ನೋಡಿಯೇ ದರ ಹೇಳುತ್ತಾರೆ. ಯಾರಾದರೂ ಕೇಳಿದರೆ ತಾವು ಮೊದಲಿನಿಂದಲೂ ಹಾಗೆಯೇ ಮಾಡುತ್ತಿದ್ದದ್ದು ಎನ್ನುತ್ತಾರೆ.

ಅಳಿಸಿದ ಚುಕ್ಕಿಯನ್ನು ಮತ್ತೆ ಅದರ ಜಾಗದಲ್ಲಿಟ್ಟೆ. ಹೊಸಬರ ಅಗ್ಗದ ಚುಕ್ಕಿಯನ್ನೂ ಸೇರಿಸಿದೆ. ಆದರೆ ಮುಂದೆ ನೋಡುವವರು ಮೋಸಹೋಗಬಾರದಲ್ಲ, ಅದಕ್ಕೆ ಕೆಲಸ ಮುಗಿಯಿತೋ ಇಲ್ಲವೋ, ದಾರಿ ಹೇಗಿದೆ ಎಂದು ಬರೆಯಲು ಹೊಸದೊಂದು ಅಂಕಣ ಮಾಡಿದೆ. ಯಜಮಾನರು ಅದನ್ನು ಕಂಡದ್ದೇ ಕಂಡದ್ದು, ದಿನಾ ಪಕ್ಕದಲ್ಲಿ ಕೂತು ಬರೆಸುತ್ತಾರೆ. ಜೀಪು ಎಲ್ಲಿವರೆಗೆ ಹೋಗುತ್ತದೆ, ನೀರು ಎಲ್ಲಿ ಸಿಗುತ್ತದೆ ಎಂಬುದಷ್ಟೇ ಆದರೆ ಸರಿ. ಆ ಊರಿನಲ್ಲಿ ಯಾರು ಮಜ್ಜಿಗೆ ಕೊಟ್ಟರು, ಯಾರ ನಾಯಿ ಅಟ್ಟಿಸಿಕೊಂಡು ಬಂತು, ಆ ಸಲ ಷಡ್ಡಕರು ಯಾವ ಕಾರಿನಲ್ಲಿ ಬಂದಿದ್ದರು ಎಲ್ಲವೂ ಬೇಕು. ಬೇಡವೆಂದರೆ, "ಇರ್ಲಿ ಹಾಕಿ ಮೇಡಂ, ಬೇಕಾಯ್ತದೆ" ಎನ್ನುತ್ತಾರೆ. ಈಗ ಬಿಕ್ಕೋಡಿನ ಚುಕ್ಕಿಯ ಮೇಲೆ ಮೌಸ್ ಇಟ್ಟರೆ ತೆರೆಯುವ ಚೌಕ ಅರ್ಧ ಪರದೆಯನ್ನು ನುಂಗಿ, ಸುತ್ತಲಿನ ಚುಕ್ಕಿಗಳನ್ನೆಲ್ಲ ಮುಚ್ಚಿಬಿಡುತ್ತದೆ. ಅದನ್ನು ಚಿಕ್ಕದು ಮಾಡುವುದು ಹೇಗೆಂದು ನನಗಿನ್ನೂ ತಿಳಿದಿಲ್ಲ.